ತಪ್ಪೆಲ್ಲ ರ‍್ಯಾಕೆಟ್ಟಿನದು

ಟೆನಿಸ್‌ನಲ್ಲಿ ಡೆಸ್ಮಂಡ್ ಪರ್ಕಿಸ್ ಎಷ್ಟು ಸಲ ಸೋತರೂ ತಪ್ಪು ಅವನದಾಗಿರುತ್ತಿರಲಿಲ್ಲ. ಒಂದೋ ಬಿಸಿಲು ಕಣ್ಣಿಗೆ ಹೊಡೆದಿರುತ್ತಿತ್ತು, ಇಲ್ಲವೇ ಪಕ್ಕದ ಕೋರ್ಟಿನಲ್ಲಿ ಯಾರೋ ಸೀನಿರುತ್ತಿದ್ದರು. ಆದರೆ ಇಂಗ್ಲೆಂಡಿನ ಬಿಸಿಲನ್ನು ಎಷ್ಟೆಂದು ದೂರುವುದು? ಅದು ಕಾಣಿಸುವುದೇ ಅಪರೂಪ. ಹಾಗಾಗಿ ಈ ಬೇಸಗೆಯಲ್ಲಿ ಅವನು ತಪ್ಪನ್ನೆಲ್ಲ ತನ್ನ ಹಳೆಯ ರ‍್ಯಾಕೆಟ್ಟಿನ ತಲೆಗೆ ಕಟ್ಟಿದ್ದ. ಪಾಪ, ಅದಕ್ಕೆ ಬಾಯಿಲ್ಲ.

ಆ ಶನಿವಾರ ವಿಷಯ ಸ್ವಲ್ಪ ಗಂಭೀರವಾಗಿತ್ತು. ಮಧ್ಯಾಹ್ನ ಪಕ್ಕದ ಊರಿನವರು ನಮ್ಮ ಕ್ಲಬ್ಬಿಗೆ ಪಂದ್ಯಕ್ಕೆ ಬರುವವರಿದ್ದರು. ನಮ್ಮ ಎರಡನೇ ತಂಡದಲ್ಲಿ ಒಂದು ಜಾಗ ಖಾಲಿ ಇತ್ತು, ಅದಕ್ಕೆ ಇಬ್ಬರು ಕಾದಿದ್ದರು: ಡೆಸ್ಮಂಡ್ ಮತ್ತು ಲಯನಲ್ ಕ್ರಾಪರ್. ಇಬ್ಬರೂ ಒಂದು ಸೆಟ್ ಆಡಲಿ, ಗೆದ್ದವನು ತಂಡಕ್ಕೆ, ಸೋತವನು ಅಡುಗೆಮನೆಗೆ ಎಂದು ಕ್ಯಾಪ್ಟನ್ ಹಿಲರಿ ತೀರ್ಪು ಕೊಟ್ಟಿದ್ದಳು. ಬಂದವರಿಗೆ ಟೀ, ಸ್ಯಾಂಡ್‌ವಿಚ್ ಮಾಡಿ ಬಡಿಸುವುದು ಆತಿಥೇಯ ಕ್ಲಬ್ಬಿನ ಧರ್ಮ. ಹೋದ ಬೇಸಗೆಯಿಡೀ ಆ ಧರ್ಮವನ್ನು ಕಾಪಾಡಿದವನು ಡೆಸ್ಮಂಡ್. ಹೂಹೂವಿನ ಏಪ್ರನ್ ಕಟ್ಟಿಕೊಂಡು, ಕಿಟಕಿಯಿಂದ ಲಯನಲ್ ಆಡುವುದನ್ನು ನೋಡುತ್ತ ಸೌತೆಕಾಯಿ ಹೆಚ್ಚಿದ್ದ. ಬಂದವರೆಲ್ಲ ಆಟವನ್ನು ಮರೆತು ಅವನ ಸ್ಯಾಂಡ್‌ವಿಚ್ಚನ್ನು ಹೊಗಳಿದ್ದರು. ಆ ಹೊಗಳಿಕೆ ಇವತ್ತಿಗೂ ಅವನ ಹೊಟ್ಟೆಯಲ್ಲಿ ಕರಗಿರಲಿಲ್ಲ.

ಅದೃಷ್ಟವೆಂಬಂತೆ ಅದೇ ಬೆಳಿಗ್ಗೆ ಆಟದ ಸಾಮಾನಿನ ಅಂಗಡಿಯ ಕಾಲಿನ್ ತನ್ನ ವ್ಯಾನಿನಲ್ಲಿ ಹೊಸ ರ‍್ಯಾಕೆಟ್‌ಗಳನ್ನು ಹೇರಿಕೊಂಡು ಬಂದ. ಯಾರು ಬೇಕಾದರೂ ಆಡಿ ನೋಡಬಹುದು, ಹಿಡಿಸಿದರೆ ಕೊಳ್ಳಬಹುದು. ರ‍್ಯಾಕೆಟ್ಟಿಗೆ ಗಟ್ಟು, ಅಂದರೆ ಚೆಂಡು ಹೊಡೆಯುವ ಆ ತಂತಿಬಲೆ, ಹಾಕುವ ಯಂತ್ರವೂ ವ್ಯಾನಿನಲ್ಲೇ ಇತ್ತು.

ಹೋದ ವಾರ ಲಯನಲ್ ಸಿಟ್ಟಿನಲ್ಲಿ ತನ್ನ ರ‍್ಯಾಕೆಟ್ಟನ್ನು ನೆಲಕ್ಕೆ ಬಡಿದು ಮುರಿದಿದ್ದ. ಆದರೆ ಹೊಸದನ್ನು ಮುಟ್ಟಿಯೂ ನೋಡದೆ, ಬೆಂಚಿನ ಮೇಲೆ ಕೂತು ಬಿಟ್ಟಿ ಟೀ ಹೀರುತ್ತಿದ್ದ. ಜಿಪುಣತನದಲ್ಲಿ ಅವನಿಗೆ ಊರಲ್ಲಿ ಎದುರಾಳಿ ಇರಲಿಲ್ಲ. ಇವನು ಯಾರದೋ ರ‍್ಯಾಕೆಟ್ ಸಾಲ ಬೇಡಿ ಆಡುತ್ತಾನೆ ಎಂದು ಡೆಸ್ಮಂಡ್ ಒಳಗೊಳಗೇ ಖುಷಿಪಟ್ಟ.

ಡೆಸ್ಮಂಡ್ ಮೊದಲು ಎತ್ತಿಕೊಂಡದ್ದು ಕಪ್ಪು ಬಣ್ಣದ್ದನ್ನು. ಅದು ಒನಕೆಯಷ್ಟು ಭಾರವಾಗಿತ್ತು. ಚೆಂಡು ದಾಟಿಹೋದ ಮೇಲೆ ಅದು ನಿಧಾನವಾಗಿ ಅಲ್ಲಿಗೆ ತಲುಪುತ್ತಿತ್ತು. ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ಸಲಹೆ ಕೊಟ್ಟರು. ಮಣಿಕಟ್ಟು ತಿರುಗಿಸು ಎಂದು ಒಬ್ಬರು, ತಿರುಗಿಸಲೇಬೇಡ ಎಂದು ಇನ್ನೊಬ್ಬರು. ಹಳದಿಯದನ್ನು ನೋಡು ಎಂದವನು ಲಯನಲ್.

"ಅದು ಹಗುರ ಕಣಯ್ಯ. ಸೌತೆಕಾಯಿ ಹೆಚ್ಚೋ ಕೈಗೆ ಸರಿಹೋಗುತ್ತೆ."

ಹಳದಿಯದು ನಿಜಕ್ಕೂ ಹಗುರವಾಗಿತ್ತು. ಡೆಸ್ಮಂಡ್ ಲಯನಲ್‌ನನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಬಾರಿಸಿದ. ಚೆಂಡು ಬೇಲಿ ದಾಟಿ ಪಾದ್ರಿಗಳ ಟೊಮ್ಯಾಟೊ ಗಿಡಗಳ ಗಾಜಿನ ಮನೆಗೆ ಹೋಯಿತು. ಗಾಜು ಒಡೆದ ಸದ್ದು ಎಲ್ಲರಿಗೂ ಕೇಳಿಸಿತು. ಆದರೆ ನಾವು ಸಭ್ಯ ಜನ. ಎಲ್ಲರೂ ಆಕಾಶ ನೋಡಿ, ಇವತ್ತು ಮಳೆ ಬರಲಿಕ್ಕಿಲ್ಲ ಎಂದು ಮಾತಾಡಿಕೊಂಡೆವು.

ಮೂರನೆಯದು ನೀಲಿ. ಅದರಲ್ಲಿ ಹೊಡೆದ ಮೊದಲ ಚೆಂಡೇ ಗೆರೆಯ ಒಳಗೆ ಬಿತ್ತು. ಎರಡನೆಯದೂ ಬಿತ್ತು. ಡೆಸ್ಮಂಡ್ ತನ್ನ ಕೈಯನ್ನೇ ನಂಬದೆ ನೋಡಿಕೊಂಡ. ಆಮೇಲೆ ಬೆಂಚಿನ ಮುಂದೆ ನಿಂತು, ಕಪ್ಪಿಗಿಂತ ನೀಲಿ ಹೇಗೆ ಮೇಲು, ಹಳದಿಗಿಂತ ಹೇಗೆ ಗಂಭೀರ ಎಂದು ಭಾಷಣವನ್ನೇ ಮಾಡಿದ. ತಾನು ಇಷ್ಟು ವರ್ಷ ಸೋತದ್ದಕ್ಕೆ ಕಾರಣ ಇಲ್ಲಿದೆ ಎಂದು ತನ್ನ ಹಳೆಯ ರ‍್ಯಾಕೆಟ್ಟನ್ನು ಎತ್ತಿ ತೋರಿಸಿದ. ಕೊಂಡಂದಿನಿಂದ ಅದರ ಗಟ್ಟನ್ನು ಅವನು ಬದಲಾಯಿಸಿರಲಿಲ್ಲ. ಕಿತ್ತುಹೋಗದ್ದನ್ನು ಯಾಕೆ ಬದಲಾಯಿಸಬೇಕು ಎಂಬುದು ಅವನ ಸಿದ್ಧಾಂತ. ಭಾಷಣ ಮುಗಿಸಿ, ಗೇಟಿನ ಬಳಿಯಿದ್ದ ಚರ್ಚಿನ ಹಳೇ ಸಾಮಾನಿನ ಪೆಟ್ಟಿಗೆಗೆ ಅದನ್ನು ಹಾಕಿಬಿಟ್ಟ. ಆ ಪೆಟ್ಟಿಗೆಯಿಂದ ಯಾರು ಏನು ಬೇಕಾದರೂ ತೆಗೆದುಕೊಂಡು, ಪಕ್ಕದ ಕಾಣಿಕೆ ಡಬ್ಬಿಗೆ ತೋಚಿದಷ್ಟು ಚಿಲ್ಲರೆ ಹಾಕಬಹುದು.

ನೀಲಿಯದನ್ನು ಕೊಳ್ಳಲು ಹೋದಾಗ ಕಾಲಿನ್ ಒಂದು ತೊಡಕು ಹೇಳಿದ. ಆಡಿ ನೋಡಿದ್ದು ಮಾರಾಟಕ್ಕಿಲ್ಲ. ಹೊಸದು ಬರೀ ಚೌಕಟ್ಟು, ಅದಕ್ಕೆ ಗಟ್ಟು ಹಾಕಬೇಕು, ಎಷ್ಟು ಬಿಗಿ ಬೇಕೋ ಹೇಳಬೇಕು. ಬೆಂಚಿನವರು ಈ ಸಂದರ್ಭಕ್ಕೇ ಕಾದಿದ್ದಂತೆ ಎದ್ದುಬಂದರು. ಸಡಿಲ ಇರಲಿ ಎಂದರು ಕೆಲವರು, ನಡುವೆ ಇರಲಿ ಎಂದರು ಹಲವರು. ದೊಡ್ಡ ಆಟಗಾರರೆಲ್ಲ ಬಿಗಿಯಾಗಿ ಹಾಕಿಸುತ್ತಾರೆ ಎಂದ ಒಬ್ಬನ ಮಾತು ಮಾತ್ರ ಡೆಸ್ಮಂಡನ ಕಿವಿಯೊಳಗೆ ಇಳಿಯಿತು.

"ನಿಮ್ಮ ಯಂತ್ರ ಎಷ್ಟು ಎಳೆಯುತ್ತೋ ಅಷ್ಟೂ ಎಳೀರಿ" ಎಂದ.

"ಮರದ ಹಲಗೆ ಥರ ಆಗುತ್ತೆ, ಪರ್ಕಿಸ್ ಅವರೇ."

"ನಿಮಗೆ ಆಟದ ವಿಷಯ ಗೊತ್ತಾಗಲ್ಲ ಬಿಡಿ."

ಕಾಲಿನ್ ವಾದ ಮಾಡಲಿಲ್ಲ. ಯಂತ್ರದ ಮೇಲೆ ಅದಾಗಲೇ ಯಾರದೋ ಹಳೆಯ ಚೌಕಟ್ಟು ಕೂತಿತ್ತು, ಹಿಡಿಗೆ ಹೊಸ ಕೆಂಪು ಪಟ್ಟಿ ಸುತ್ತಿತ್ತು. ಇಂಥ ಒಳ್ಳೇ ಚೌಕಟ್ಟು ಈಗ ಯಾರೂ ಮಾಡುವುದಿಲ್ಲ, ಗಟ್ಟು ಮಾತ್ರ ಬೆಂದ ಶಾವಿಗೆಯಾಗಿತ್ತು ಎಂದ ಅವನು. ಯಾವ ಕಂಜೂಸಿನದಪ್ಪ ಇದು ಎಂದು ಡೆಸ್ಮಂಡ್ ಮನಸಾರೆ ನಕ್ಕ.

ಸೆಟ್ ಬೇಗನೇ ಮುಗಿಯಿತು. ನೀಲಿ ರ‍್ಯಾಕೆಟ್ ಕಾಲಿನ್‌ನ ಮಾತು ಉಳಿಸಿತು, ಹಲಗೆಯಾಯಿತು. ಡೆಸ್ಮಂಡ್ ಹೊಡೆದ ಚೆಂಡುಗಳು ಸತ್ತು ನೆಟ್ಟಿನ ಬುಡದಲ್ಲಿ ಬಿದ್ದವು, ಮೊಣಕೈ ನೋಯತೊಡಗಿತು. ಆಚೆ ಕಡೆ ಲಯನಲ್ ಕೆಂಪು ಹಿಡಿಯ ರ‍್ಯಾಕೆಟ್ ಹಿಡಿದು, ಬೆವರೂ ಬಾರದೆ ಚೆಂಡನ್ನು ಮೂಲೆಮೂಲೆಗೆ ಕಳಿಸುತ್ತಿದ್ದ.

ಕೈಕುಲುಕುವಾಗ ಡೆಸ್ಮಂಡನಿಗೆ ಆ ಚೌಕಟ್ಟಿನ ತುದಿಯಲ್ಲಿ ಒಂದು ಗಾಯ ಕಾಣಿಸಿತು. ನೆಟ್ಟಿನ ಕಂಬಕ್ಕೆ ಬಡಿದ ಗಾಯ. ಬಡಿದವನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇದು ನಂದು" ಎಂದ, ದನಿ ಸಣ್ಣಗಾಗಿತ್ತು.

"ನಿಂದಾಗಿತ್ತು" ಎಂದ ಲಯನಲ್. "ಅಷ್ಟು ಹೊತ್ತು ಬೈದೆಯಲ್ಲ, ನಂಗೇ ಪಾಪ ಅನ್ನಿಸ್ತು. ಬೇಕಿದ್ರೆ ಒಂದಿನ ಆಡಿ ನೋಡೋಕೆ ಕೊಡ್ತೀನಿ. ಮಾರಾಟಕ್ಕಿಲ್ಲ."

ಡೆಸ್ಮಂಡನ ಕಣ್ಣಲ್ಲಿ ನೀರು ತುಂಬಿತು. ಬಿಸಿಲು ಕಣ್ಣಿಗೆ ಹೊಡೆಯಿತು ಎಂದು ಹೇಳೋಣವೆಂದರೆ ಆಕಾಶದಲ್ಲಿ ಬಿಸಿಲೂ ಇರಲಿಲ್ಲ.

ಅಡುಗೆಮನೆಯಲ್ಲಿ ಹಿಲರಿ ಏಪ್ರನ್ ಹಿಡಿದು ಕಾದಿದ್ದಳು. ಮೇಜಿನ ಮೇಲೆ ಸೌತೆಕಾಯಿ ರಾಶಿ, ಪಕ್ಕದಲ್ಲಿ ಮೂರು ಹೊಸ ಚಾಕುಗಳು. ಒಂದಕ್ಕೆ ಕಪ್ಪು ಹಿಡಿ, ಒಂದಕ್ಕೆ ಹಳದಿ, ಒಂದಕ್ಕೆ ನೀಲಿ.

"ಬೇಜಾರು ಮಾಡ್ಕೋಬೇಡಿ ಡೆಸ್ಮಂಡ್. ಮೂರರಲ್ಲೂ ಹೆಚ್ಚಿ ನೋಡಿ, ಯಾವುದು ಚೆನ್ನಾಗಿದೆ ಹೇಳಿ, ಕೊಳ್ಳೋಣ."

ಡೆಸ್ಮಂಡ್ ಆ ಮೂರನ್ನೂ ನೋಡಿದ. ಒಂದು ದಿನಕ್ಕೆ ಕಲಿಯಬೇಕಾದ ಪಾಠವನ್ನು ಅವನು ಕಲಿತಿದ್ದ.

"ಬೇಡ. ಹಳೇ ಚಾಕು ಕೊಡಿ, ಸಾಣೆ ಹಿಡಿಸ್ಕೋತೀನಿ."

"ಅಯ್ಯೋ, ಅದು ಮೊಂಡು ಬಿದ್ದಿತ್ತಲ್ಲ. ಈಗ ತಾನೇ ಚರ್ಚಿನ ಪೆಟ್ಟಿಗೆಗೆ ಹಾಕಿಬಂದೆ."

ಏಪ್ರನ್ನಿನಲ್ಲೇ ಡೆಸ್ಮಂಡ್ ಗೇಟಿನ ಕಡೆ ಓಡಿದ. ಲಯನಲ್ ಅಲ್ಲಿ ಮೊದಲೇ ನಿಂತಿದ್ದ, ಡಬ್ಬಿಗೆ ಚಿಲ್ಲರೆ ಹಾಕುತ್ತಿದ್ದ.