ಆರು ಸಲ ಕರೆದ ಪೂಜೆ

ಬಂದ ಕಾಗದಕ್ಕೆ ಉತ್ತರ ಬರೆಯದೆ ಊಟಕ್ಕೆ ಏಳಬಾರದು ಎನ್ನುವುದು ರಂಗಲಕ್ಷ್ಮಮ್ಮ ತಮಗೆ ತಾವೇ ಹಾಕಿಕೊಂಡ ನೇಮ. ತುಮಕೂರಿನ ತೆಂಗಿನಕಾಯಿ ಮಾರಾಟ ಸಂಘದಲ್ಲಿ ಇಪ್ಪತ್ತೆರಡು ವರ್ಷದಿಂದ ಟಪಾಲು ವಿಭಾಗವನ್ನು ಅವರೇ ಆಳಿಕೊಂಡು ಬಂದಿದ್ದರು. (ವಿಭಾಗ ಎಂದರೆ ಒಂದು ಮೇಜು, ಒಂದು ಕುರ್ಚಿ, ಕುರ್ಚಿಯ ಮೇಲೆ ಅವರು.) ಆ ನೇಮಕ್ಕೆ ಎಂದೂ ಭಂಗ ಬಂದಿರಲಿಲ್ಲ. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಆ ಮೇಜಿನ ಮೇಲೆ ಒಂದು ಕಂಪ್ಯೂಟರ್ ಪ್ರತಿಷ್ಠಾಪನೆಯಾಯಿತು ನೋಡಿ, ಅವತ್ತಿನಿಂದ ಅವರಿಗೆ ಊಟದ ಹೊತ್ತು ಎನ್ನುವುದೇ ಇಲ್ಲದಾಯಿತು.

"ಇನ್ನು ಶಾಖೆಗಳ ಪತ್ರವೆಲ್ಲ ಇ-ಮೇಲ್‌ನಲ್ಲೇ. ನಿಮ್ಮ ಕೆಲಸ ಅರ್ಧ ಕಮ್ಮಿ ಆಗುತ್ತಮ್ಮ" ಎಂದಿದ್ದರು ಮ್ಯಾನೇಜರ್ ಲಕ್ಷ್ಮೀಕಾಂತ್. ಆದದ್ದು ಮೂರರಷ್ಟು. ಶಾಖೆಯವರು ಮೇಲ್ ಕಳಿಸುತ್ತಿದ್ದರೇನೋ ನಿಜ, ಆದರೆ ಅದನ್ನು ನಂಬುತ್ತಿರಲಿಲ್ಲ. ಹಾಗಲವಾಡಿ ಶಾಖೆಯ ಕಾರ್ಯದರ್ಶಿ ಚಿಕ್ಕಬೀರಯ್ಯನವರಂತೂ ಮೇಲ್ ಕಳಿಸಿದ ಮರುಗಳಿಗೆಯಲ್ಲೇ ಫೋನು ತಿರುಗಿಸುವರು.

"ಮೇಡಂ, ಮೇಲ್ ಹಾಕಿವ್ನಿ. ಬಂತಾ?"

"ಬಂದಿದೆ ಚಿಕ್ಕಬೀರಯ್ಯನೋರೆ."

"ಒಂದ್ಸಲಿ ಓದ್ಬುಡಿ ಮತ್ತೆ. ನಾನ್ ಬರ್ದಂಗೇ ಬಂದದಾ ನೋಡವ."

ರಂಗಲಕ್ಷ್ಮಮ್ಮ ತಾಳ್ಮೆಯಿಂದ ಓದುವರು. ಆ ಕಡೆಯಿಂದ ಹರಿಕಥೆ ಕೇಳುವವರ ಹಾಗೆ ಹೂಂಗುಟ್ಟುವ ಸದ್ದು ಕೇಳುವುದು. ಮರುದಿನ ಬೆಳಗ್ಗೆ ಅದೇ ಪತ್ರ, ಸೀಲು ಸಹಿ ಸಮೇತ, ಖಾಸಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂದಿಳಿಯುವುದು. ನೇಮದ ಪ್ರಕಾರ ರಂಗಲಕ್ಷ್ಮಮ್ಮ ಮೂರಕ್ಕೂ ಉತ್ತರ ಕೊಡುವರು. ಅವರ ಉತ್ತರ ತಲುಪಿತೆಂದು ಚಿಕ್ಕಬೀರಯ್ಯ ಇನ್ನೊಂದು ಮೇಲ್ ಹಾಕುವರು.

ಇಂಥದರ ನಡುವೆ ಹುಣ್ಣಿಮೆ ಭಾನುವಾರ ಬಂತು. ಮರಳೂರಿನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳಬೇಕೆಂದು ರಂಗಲಕ್ಷ್ಮಮ್ಮನಿಗೆ ಬಹಳ ದಿನದ ಆಸೆ. ಗಂಡ ಸಿದ್ದಗಂಗಯ್ಯ ನಿವೃತ್ತ ಮೇಷ್ಟ್ರು. ಪೂಜೆಗೆ ಅಡ್ಡಿ ಮಾಡಲಿಲ್ಲ, ಕರೆಯುವವರ ಪಟ್ಟಿಗೆ ಮಾಡಿದರು.

"ನಡುಮನೇಲಿ ಕೂರೋದು ಇಪ್ಪತ್ತೈದು ಜನ. ಅದೂ ಸಣ್ಣಗಿರೋರಾದ್ರೆ. ನಿಮ್ಮಾಫೀಸಿನೋರನ್ನ ಎಲ್ಲಿ ಕೂರಿಸ್ತೀಯ?"

"ಅವರನ್ನ ಕರೆಯೋದೇ ಇಲ್ಲ ಕಣ್ರೀ. ಒಬ್ರನ್ನ ಕರೆದು ಇನ್ನೊಬ್ರನ್ನ ಬಿಟ್ರೆ ಇಷ್ಟು ವರ್ಷ ಉಳಿಸ್ಕೊಂಡ ಹೆಸರು ಹಾಳಾಗುತ್ತೆ. ಯಾರನ್ನೂ ಕರೀದಿದ್ರೆ ಯಾರಿಗೂ ಬೇಜಾರಿಲ್ಲ."

ನ್ಯಾಯಾಲಯವೂ ಮೆಚ್ಚುವಂಥ ತೀರ್ಮಾನ. ನೆಂಟರು, ಅಕ್ಕಪಕ್ಕದವರು ಸೇರಿ ಇಪ್ಪತ್ತೈದು ಜನಕ್ಕೆ ಲೆಕ್ಕ ಹಾಕಿ ರವೆ ತಂದರು.

ಉಳಿದದ್ದು ಒಂದೇ ಚಿಂತೆ. ಗುರುವಾರದಿಂದ ರಜೆ ಹಾಕಿದರೆ ಬರುವ ಮೇಲ್‌ಗಳಿಗೆ ಉತ್ತರಿಸುವವರು ಯಾರು? ಪಕ್ಕದ ಮೇಜಿನ ಏಜಾಜ್ ಅಹಮದ್‌ಗೆ ಕಂಪ್ಯೂಟರಿನ ಗುಣಾವಗುಣವೆಲ್ಲ ಗೊತ್ತು.

"ಇದಕ್ಕೂ ಇಲಾಜ್ ಐತೆ ಮೇಡಂ. ನೀವೊಂದು ಉತ್ತರ ಬರ್ದಿಟ್ಟು ಹೋಗಿ. ಯಾರ್ ಎಷ್ಟು ಸಲ ಮೇಲ್ ಹಾಕಿದ್ರೂ ಅದೇ ತಾನಾಗೇ ಹೋಗುತ್ತೆ. ನೀವು ಆರಾಮಾಗಿ ಪೂಜೆ ಮಾಡ್ಕೊಳ್ಳಿ."

ರಂಗಲಕ್ಷ್ಮಮ್ಮನಿಗೆ ಸಾಕ್ಷಾತ್ ಭಗವಂತನೇ ಉತ್ತರಾಧಿಕಾರಿಯನ್ನು ಕಳಿಸಿದಂತಾಯಿತು. ಆದರೆ ಏನು ಬರೆಯುವುದು? ಬರೀ 'ರಜೆಯಲ್ಲಿದ್ದೇನೆ' ಎನ್ನುವುದು ಬಾಗಿಲು ಮುಖಕ್ಕೆ ಹಾಕಿದ ಹಾಗೆ. ಕಾರಣ ಕೊಡದ ರಜಾ ಅರ್ಜಿಯನ್ನು ಅವರು ಜನ್ಮದಲ್ಲಿ ಬರೆದವರಲ್ಲ. ಸುಳ್ಳು ಕಾರಣವನ್ನಂತೂ, ಅದೂ ಸತ್ಯನಾರಾಯಣನ ಹೆಸರಿನ ರಜೆಗೆ, ಬರೆಯುವುದುಂಟೇ? ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಒಂದೊಂದಾಗಿ ಕುಟ್ಟಿ ಹೀಗೆ ಬರೆದಿಟ್ಟರು:

'ಮಾನ್ಯರೇ, ದೇವರ ದಯೆಯಿಂದ ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇರುವುದರಿಂದ ರಜೆಯಲ್ಲಿರುತ್ತೇನೆ. ತುರ್ತು ಇದ್ದಲ್ಲಿ ಮರಳೂರಿನ ಹಿಟ್ಟಿನ ಗಿರಣಿಯ ಹಿಂದಿರುವ ನಮ್ಮ ಮನೆಗೆ ಬರಬಹುದು. ನಮಸ್ಕಾರಗಳೊಂದಿಗೆ.'

ಏಜಾಜ್ ಗುಂಡಿ ಒತ್ತಿದ. ರಂಗಲಕ್ಷ್ಮಮ್ಮ ಕಂಪ್ಯೂಟರಿಗೂ ಒಂದು ಕೈ ಮುಗಿದು ಹೊರಟರು.

ಭಾನುವಾರ ಕಲಶ ಇಟ್ಟು ಪುರೋಹಿತರು ಸಂಕಲ್ಪ ಶುರುಮಾಡಿದ್ದರು. ಗಿರಣಿಯ ಮುಂದೆ ಒಂದು ಟೆಂಪೊ ನಿಂತಿತು. ಅದರಿಂದ ಮೊದಲು ಎರಡು ಬಾಳೆಗೊನೆ, ಆಮೇಲೆ ಚಿಕ್ಕಬೀರಯ್ಯ, ಆಮೇಲೆ ಹಾಗಲವಾಡಿ ಶಾಖೆಯ ಸಮಸ್ತರೂ ಸಂಸಾರ ಸಮೇತ ಇಳಿದರು.

"ಏನ್ ಚಿಕ್ಕಬೀರಯ್ಯನೋರೆ, ಇಷ್ಟ್ ದೂರ?" ರಂಗಲಕ್ಷ್ಮಮ್ಮ ಬಾಗಿಲಿಗೆ ಬಂದು ಕೇಳಿದರು.

"ಬರ್ದೆ ಇರಕಾಯ್ತದಾ ಮೇಡಂ? ಗುರುವಾರ್‌ದಿಂದ ಆರ್ ಸಲಿ ಕರ್ದಿದೀರ! ನನ್ ತಂಗಿ ಮದ್ವೇಗೂ ನಾನ್ ಯಾರ್ನೂ ಆರ್ ಸಲಿ ಕರೀನಿಲ್ಲ. ಎಲ್ಡ್ ಸಲಿ ಕರ್ದಾಗ್ಲೇ ನಮ್ಮನೆಯೋಳು ಅಂದ್ಲು, ಆ ಯಮ್ಮಂಗೆ ನಮ್ ಮ್ಯಾಲೆ ಬಾಳ ಪ್ರೀತಿ ಕಣ್ರೀ ಅಂತ."

ಆಗಿದ್ದೇನು ಎಂದು ರಂಗಲಕ್ಷ್ಮಮ್ಮನಿಗೆ ಹೊಳೆಯುವುದರೊಳಗೆ ಅಮೃತೂರು ಶಾಖೆಯ ದಾಸಯ್ಯನವರು ಮೂಟೆ ಎಳನೀರಿನೊಂದಿಗೆ ಬಂದರು. ಅವರನ್ನು ಮೂರು ಸಲ ಕರೆದಿದ್ದರಂತೆ. ಕುಣಿಗಲ್ ಶಾಖೆಯ ಕರಿಬಸಮ್ಮ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಬಂದರು. ಗುಬ್ಬಿಯವರು ಬಂದ ಮೇಲೆ ರಂಗಲಕ್ಷ್ಮಮ್ಮ ಎಣಿಸುವುದನ್ನು ಬಿಟ್ಟರು.

ಸಿದ್ದಗಂಗಯ್ಯ ಅಡಿಗೆಮನೆಗೆ ಬಂದು ಪಿಸುಗುಟ್ಟಿದರು: "ಯಾರನ್ನೂ ಕರೆದಿಲ್ಲ ಅಂದಿದ್ದೆ?"

"ನಾನ್ ಕರೆದಿಲ್ಲ ಕಣ್ರೀ. ಅದು ಕರೆದಿದೆ."

"ಯಾವುದು?"

"ಆಮೇಲ್ ಹೇಳ್ತೀನಿ. ಈಗ ಐವತ್ತು ಜನಕ್ಕೆ ಏನ್ ಬಡಿಸ್ಲಿ? ಮಾನ ಹೋಗುತ್ತಲ್ಲ!" ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಕರಿಬಸಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. "ಅಯ್ಯೋ, ಇದ್ಯಾಕವ್ವ ಅಳ್ತೀರ? ದೊಡ್ಡ ಪಾತ್ರೆ ಎಲ್ಲೈತೆ ತೋರ್ಸಿ. ಯಜಮಾನ್ರೆ, ಅಂಗಡೀಲಿ ಐದ್ ಕೇಜಿ ರವೆ ಇಸ್ಕೊಂಬನ್ನಿ, ಓಡಿ!" ಮೇಷ್ಟ್ರು ಓಡಿದರು. ದಾಸಯ್ಯ ಬೀದಿಯಲ್ಲೇ ಚಾಪೆ ಹಾಸಿಸಿದರು. ಪುರೋಹಿತರು ಕಥೆಯನ್ನು ಬಾಗಿಲಿಗೆ ಬಂದು ನಿಂತು ಹೇಳಿದರು. ಸಜ್ಜಿಗೆ ಎರಡು ಸಲ ಮಾಡಿದರೂ ಎರಡು ಸಲವೂ ಹದವಾಗಿಯೇ ಬಂತು. ಎಲ್ಲರೂ ಹೊಟ್ಟೆ ತುಂಬ ತಿಂದು, ಇಂಥ ಕರೆಯನ್ನು ತಾವು ಕಂಡಿಲ್ಲವೆಂದು ಹೊಗಳಿ ಟೆಂಪೊ ಹತ್ತಿದರು. ಕರೆಯದೆ ತುಂಬಿದ್ದ ಮನೆಯನ್ನು ನೆನೆದು ರಂಗಲಕ್ಷ್ಮಮ್ಮನಿಗೆ, ಇದು ಆ ದೇವರದೇ ಕೆಲಸ, ನಾನು ಬರೀ ಅಕ್ಷರ ಕುಟ್ಟಿದವಳು ಅನ್ನಿಸಿತು. ಒಬ್ಬರಿಗೂ ಬೇಜಾರಾಗಲಿಲ್ಲವಲ್ಲ ಎಂದು ಆ ರಾತ್ರಿ ನೆಮ್ಮದಿಯಾಗಿ ಮಲಗಿದರು.

ಸೋಮವಾರ ಕಚೇರಿಗೆ ಹೋದರೆ ಯಾರೂ ಮಾತಾಡಲಿಲ್ಲ. ಏಜಾಜ್ ತಲೆ ಎತ್ತಲಿಲ್ಲ. ಟೈಪಿಸ್ಟ್ ತ್ರಿವೇಣಿ ಸುಮ್ಮನೆ ಹಾಳೆ ಜೋಡಿಸುತ್ತಿದ್ದಳು. ಕಂಪ್ಯೂಟರ್ ತೆರೆದರೆ, ಒಂದು ಮಾರು ದೂರದಲ್ಲಿ ಕುಳಿತ ಏಜಾಜ್‌ನಿಂದಲೇ ಮೇಲ್ ಬಂದಿತ್ತು: 'ನಿಮ್ಮ ಪೂಜೆ ಚೆನ್ನಾಗಿ ನಡೆಯಿತೆಂದು ಹಾಗಲವಾಡಿ ಶಾಖೆಯಿಂದ ತಿಳಿದು ಸಂತೋಷವಾಯಿತು.' ಅದರ ಕೆಳಗೆ ಗಾಜಿನ ಕೋಣೆಯ ಲಕ್ಷ್ಮೀಕಾಂತರದು: 'ಸಜ್ಜಿಗೆ ಉತ್ತಮವಾಗಿತ್ತೆಂದು ನಾಲ್ಕೂ ಶಾಖೆಗಳಿಂದ ವರದಿ ಬಂದಿದೆ. ಕೇಂದ್ರ ಕಚೇರಿಯನ್ನು ಕೈಬಿಟ್ಟ ಕಾರಣವನ್ನು ಕೂಡಲೇ ತಿಳಿಸುವುದು.'

ರಂಗಲಕ್ಷ್ಮಮ್ಮ ಗಾಜಿನ ಕೋಣೆಗೆ ಓಡಿದರು. "ಸಾರ್, ನಾನು ಯಾರನ್ನೂ ಕರೆದಿಲ್ಲ. ಮೇಲ್ ಹಾಕಿದೋರಿಗೆಲ್ಲ ಅದೇ ಉತ್ತರ ಕೊಟ್ಟುಬಿಡ್ತು. ನೀವೂ ಒಂದು ಮೇಲ್ ಹಾಕಿದ್ರೆ ನಿಮ್ಗೂ ಬರ್ತಿತ್ತು."

"ಇಪ್ಪತ್ತೆರಡು ವರ್ಷದಿಂದ ಒಂದೇ ಆಫೀಸಲ್ಲಿ ಕೂತಿದೀವಿ. ನಿಮ್ಗೆ ನಾನ್ಯಾಕ್ರೀ ಮೇಲ್ ಹಾಕ್ಲಿ?"

"ಗುಂಡಿ ಒತ್ತಿದೋನು ನಾನು. ನನ್ನನ್ನೇ ಬಿಟ್ರಲ್ಲ ಮೇಡಂ!" ಎಂದ ಏಜಾಜ್ ಬಾಗಿಲಲ್ಲಿ ನಿಂತು.

ರಂಗಲಕ್ಷ್ಮಮ್ಮ ಮುಂದಿನ ಹುಣ್ಣಿಮೆಗೆ ಇನ್ನೊಂದು ಪೂಜೆ ಎಂದು ಅಲ್ಲೇ ಘೋಷಿಸಿ, ಮರುದಿನ ಕುಂಕುಮದ ಬಟ್ಟಲು ತಂದು ಮೇಜಿನಿಂದ ಮೇಜಿಗೆ ಹೋಗಿ ಬಾಯ್ತುಂಬ ಕರೆದರು. ಮುಖಗಳು ಅರಳಿದವು.

ಸಂಜೆ ಗಂಡನಿಗೆ ಹೇಳಿದರು: "ಈ ಸಲ ಲೆಕ್ಕ ಪಕ್ಕಾ ಕಣ್ರೀ. ಆಫೀಸಿನೋರು, ಅವರ ಮನೆಯೋರು, ಇಪ್ಪತ್ತೇ ಜನ."

"ಶಾಖೆಯೋರು?"

"ಅವರು ಮೊನ್ನೆ ಬಂದಿದ್ರಲ್ಲ."

ಸಿದ್ದಗಂಗಯ್ಯ ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದರು. "ಆರು ಸಲ ಕರೆದೋರನ್ನ ಏಳನೇ ಸಲ ಬಿಡೋದಾ?"

ರಂಗಲಕ್ಷ್ಮಮ್ಮ ಪೆನ್ನು ತಂದರು. ಆಮೇಲೆ ಸಾಮಾನಿನ ಪಟ್ಟಿಯನ್ನು ಗಂಡನ ಮುಂದೆ ಸರಿಸಿದರು.

"ರವೆ ಹತ್ತು ಕೇಜಿ ಅಂತ ತಿದ್ದಿ. ಹಂಗೇ ಶಾಮಿಯಾನದೋನಿಗೂ ಹೇಳ್ಬನ್ನಿ."