ಉಗುಳಬಾರದ ದಿನ

ಪೀಪಿ ಮಾಮನ ಮುಂದಿನ ಮೇಲ್ಹಲ್ಲು ಕಿತ್ತ ಡಾಕ್ಟರು ಆ ಕುಳಿಗೆ ಮೂಳೆಯ ಪುಡಿ ತುಂಬಿ, ಹೊಲಿಗೆ ಹಾಕಿ, ಮಗುವಿಗೆ ಹೇಳುವಂತೆ ಹೇಳಿದರು: "ಈ ಪುಡಿ ನಿಂತು ಮೂಳೆಯಾದ್ರೇನೇ ಹೊಸ ಹಲ್ಲಿನ ಸ್ಕ್ರೂ ಕೂರೋದು. ಗಾಯ ಮಾಯೋತನಕ ಮುಕ್ಕಳಿಸಬೇಡಿ, ಉಗುಳಬೇಡಿ, ಊದಲೇಬೇಡಿ. ಬಾಯಿಗೆ ಏನೇ ಬಂದ್ರೂ ನುಂಗಿ."

ಊದದೆ ಬದುಕುವುದು ಹೇಗೆ? ಅವನು ಶವಯಾತ್ರೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವನು. ಮುಂದಿನ ಹಲ್ಲಿನ ಆಸರೆಯಿಲ್ಲದೆ ಆ ವಾದ್ಯ ಬಾಯಲ್ಲಿ ನಿಲ್ಲದು. ಅದಕ್ಕೇ ಈ ಪಾಡು. ಕಿವಿ ಕೊಂಚ ಮಂದವಾಗಿದ್ದ ಹೆಂಡತಿ ಬದುಕಿರುವತನಕ ಹೊಸ್ತಿಲಲ್ಲಿ ಕೂತು ಕೇಳಿ, "ನೀವು ಊದಿದ್ರೆ ದೇವರಿಗೂ ಕಣ್ಣಲ್ಲಿ ನೀರು ಬರುತ್ತೆ" ಎನ್ನುತ್ತಿದ್ದಳು. ಹೋದ ವರ್ಷ ಅವಳ ಕೊನೆಯ ದಾರಿಯಲ್ಲೂ ಅವನೇ ಊದುತ್ತ ನಡೆದಿದ್ದ. ಆಮೇಲೆ ಅವನಿಗೆ ಉಳಿದದ್ದು ಆ ವಾದ್ಯವೊಂದೇ.

ಮನೆಗೆ ಬಂದು ಕನ್ನಡಿ ನೋಡಿದರೆ ತುಟಿ ದಿಂಬಿನಂತೆ ಉಬ್ಬಿತ್ತು. ಹಿಂದೆಯೇ ಪಕ್ಕದ ಮನೆಯ ಅಜ್ಜಿ ಉಪ್ಪುನೀರಿನ ಚೊಂಬು ಹಿಡಿದು ಬಂದಳು.

"ಮುಕ್ಕಳಿಸು. ಕೆಟ್ಟ ರಕ್ತ ಎಲ್ಲ ಉಗಿ."

"ಡಾಕ್ಟರು ಬೇಡ ಅಂದಿದ್ದಾರಜ್ಜಿ."

"ಅವನಿಗೆ ಹಲ್ಲು ಹುಟ್ಟೋ ಮೊದಲೇ ನನ್ನವೆಲ್ಲ ಉದುರಿದ್ವು. ನನಗೆ ಹೇಳ್ತೀಯಾ?"

ಅಜ್ಜಿ ಕದಲಲಿಲ್ಲ. ಮಾಮ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಉಗುಳುವಂತಿರಲಿಲ್ಲ; ನುಂಗಿದ. "ಇನ್ನೊಂದ್ಸಲ" ಎಂದಳು. ಚೊಂಬು ಖಾಲಿಯಾಗುವ ಹೊತ್ತಿಗೆ ಹೊಟ್ಟೆಯಲ್ಲಿ ಸಮುದ್ರವೇ ಹೊರಳುತ್ತಿತ್ತು.

ಅಷ್ಟರಲ್ಲಿ ಬ್ಯಾಂಡಿನ ಡೋಲಿನವನು ಓಡಿ ಬಂದ. "ಮಾಮ, ಔಷಧಿ ಅಂಗಡಿ ಯಜಮಾನರು ಹೋಗ್ಬಿಟ್ರು. ಹೊರಡು. ಬ್ಯಾಂಡಲ್ಲಿ ಜನ ಜಾಸ್ತಿಯಾದ್ರು, ಇವತ್ತು ಬರದವರನ್ನ ತೆಗೆದುಹಾಕ್ತೀನಿ ಅಂದಿದ್ದಾರೆ ಮಾಸ್ಟರು."

"ನಾನು ಊದೋ ಹಾಗಿಲ್ಲವೋ."

"ಊದು ಅಂದೋರು ಯಾರು? ಸುಮ್ಮನೆ ಬಾಯಿಗಿಟ್ಕೊಂಡು ಬೆರಳಾಡಿಸು. ತುಟಿ ಹೇಗೂ ಉಬ್ಬೇ ಇದೆ."

ಮಾಮ ದೇವರಿಗೆ ಕೈಮುಗಿದು, ಮಾಡಲಿರುವ ತಪ್ಪನ್ನು ಮುಂಚಿತವಾಗಿಯೇ ಒಪ್ಪಿಸಿ ಹೊರಟ. ದಾರಿಯುದ್ದಕ್ಕೂ ಉಸಿರು ತಾಕಿಸದೆ ಬೆರಳಾಡಿಸಿದ. ಉಪ್ಪುನೀರು ಗಂಟಲಿಗೆ ಬಂದಾಗೆಲ್ಲ ನುಂಗಿದ. ಕಣ್ಣಲ್ಲಿ ಧಾರೆ ಇಳಿಯಿತು. ಸತ್ತವರ ಅಳಿಯ ಹತ್ತಿರ ಬಂದು ಅವನ ಹೆಗಲು ತಟ್ಟಿ, "ಮನೆಯೋರೇ ಇಷ್ಟು ಅಳಲಿಲ್ಲ" ಎಂದ.

ಎಲ್ಲ ಮುಗಿದ ಮೇಲೆ ಮಾಸ್ಟರು ಬ್ಯಾಂಡಿನವರನ್ನು ಸ್ಮಶಾನದ ಗೋಡೆಯ ಬದಿಗೆ ಕರೆದರು. ಸಿಕ್ಕಿಬಿದ್ದೆ ಎಂದುಕೊಂಡ ಮಾಮ.

"ಯಾರನ್ನೂ ತೆಗೆಯಲ್ಲ" ಎಂದರು ಮಾಸ್ಟರು. "ಎಷ್ಟೋ ವರ್ಷದಿಂದ ಒಂದು ಅಪಸ್ವರ ನನ್ನ ಕಿವಿ ಕೊರೀತಿತ್ತು. ಯಾರದು ಅಂತ ಹಿಡಿಯೋಕಾಗಿರಲಿಲ್ಲ. ಇವತ್ತು ಬರಲೇ ಇಲ್ಲ. ಯಾರು ತಿದ್ದಿಕೊಂಡ್ರೋ ಅವರ ಹೊಟ್ಟೆ ತಣ್ಣಗಿರಲಿ. ಇನ್ನು ಮೇಲೆ ಎಲ್ಲರೂ ಹೀಗೇ ನುಡಿಸಿ." ಆಮೇಲೆ ಮಾಮನ ಕಡೆ ತಿರುಗಿ ದನಿ ತಗ್ಗಿಸಿದರು. "ನಿನ್ನ ಮನೆಯವಳ ಯಾತ್ರೇಲೂ ಕೇಳಿಸಿತ್ತಪ್ಪ. ದುಃಖದಲ್ಲಿದ್ದೀಯ, ಹೇಳೋದು ಬೇಡ ಅಂತ ಸುಮ್ಮನಿದ್ದೆ."

ಡೋಲಿನವನು ಮಾಮನ ಮುಖ ನೋಡಿದ. ನೋಡಿ, ತನ್ನ ಡೋಲಿನ ಹಗ್ಗ ಬಿಗಿಯತೊಡಗಿದ.

ಮಾಮ ನಾಲಿಗೆಯ ತುದಿಯಿಂದ ಹೊಲಿಗೆಯನ್ನು ಮುಟ್ಟಿ ನೋಡಿದ. ಮೂಳೆಯ ಪುಡಿ ಒಂದು ಕಣವೂ ಜಾರಿರಲಿಲ್ಲ. ಮಾತೊಂದು ಬಾಯಿತನಕ ಬಂತು. ಉಗುಳುವಂತಿರಲಿಲ್ಲ.

ನುಂಗಿದ.