ಅಣ್ಣನ ಪಾಲಿಗೆ ಮೋಡೆಮ್, ನನ್ನ ಪಾಲಿಗೆ ರೂಟರ್

ಅನ್ಯಾಯ ಮಾಡುವವರಿಂದ ಹೇಗೋ ತಪ್ಪಿಸಿಕೊಳ್ಳಬಹುದು, ನ್ಯಾಯವಂತರಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಂಬಿಕೆ ಬರದಿದ್ದರೆ ನಮ್ಮಣ್ಣನ ಜೊತೆ ನಾಲ್ಕು ದಿನ ಇದ್ದು ನೋಡಿ! ಇಡೀ ತಿಪಟೂರು ಸೀಮೆಯಲ್ಲಿ ಅವನಷ್ಟು ನ್ಯಾಯವಂತ ಇನ್ನೊಬ್ಬನಿಲ್ಲ. ಅವನ ದೆಸೆಯಿಂದಲೇ ಮೋಡೆಮ್ಮಿಗೂ ರೂಟರಿಗೂ ಏನು ವ್ಯತ್ಯಾಸ ಎಂಬುದು ನಮ್ಮ ಮನೆಗೆ ಅರ್ಥವಾದಷ್ಟು ಚೆನ್ನಾಗಿ ದೊಡ್ಡ ದೊಡ್ಡ ಇಂಜಿನಿಯರುಗಳಿಗೂ ಅರ್ಥವಾಗಿರಲಾರದು. ಅವರು ಓದಿ ತಿಳಿದುಕೊಂಡರು. ನಾವು ಮನೆ ಒಡೆದು ತಿಳಿದುಕೊಂಡೆವು.

ಈ ನ್ಯಾಯದ ಹುಚ್ಚು ಅವನಿಗೆ ಚಿಕ್ಕಂದಿನಿಂದಲೂ ಇತ್ತು. ಅವ್ವ ಒಂದು ತೆಂಗಿನಕಾಯಿ ಒಡೆದು "ಇಬ್ರೂ ತಿನ್ರಪ್ಪ" ಎಂದು ಕೊಟ್ಟರೆ ನಾನು ಬಾಯಿ ಹಾಕುವಂತಿರಲಿಲ್ಲ. ಎರಡು ಹೋಳು ಎಂದಾದರೂ ಸಮ ಇರುತ್ತವೆಯೇ? ಅಣ್ಣ ಎರಡಕ್ಕೂ ನೀರು ತುಂಬಿ ಅಳೆಯುತ್ತಿದ್ದ. ಹೆಚ್ಚು ನೀರು ಹಿಡಿದ ಹೋಳಿನಿಂದ ಚಾಕುವಿನಲ್ಲಿ ಒಂದಿಷ್ಟು ಕೆತ್ತುತ್ತಿದ್ದ. ಕೆತ್ತಿದ್ದನ್ನು ತಾನೂ ತಿನ್ನುತ್ತಿರಲಿಲ್ಲ, ನನಗೂ ಕೊಡುತ್ತಿರಲಿಲ್ಲ. ನೇರವಾಗಿ ಹಸುವಿನ ಬಾಯಿಗೆ!

"ಈಗ ಸಮ ಆಯ್ತು ನೋಡ್ಲಾ."

ಆಯಿತು, ಇಬ್ಬರಿಗೂ ಸಮನಾಗಿ ಕಮ್ಮಿ ಆಯಿತು. ನಮ್ಮ ಮನೆಯಲ್ಲಿ ಆ ಕಾಲದಲ್ಲಿ ಮೈ ತುಂಬಿಕೊಂಡಿದ್ದದ್ದು ಆ ಹಸು ಒಂದೇ.

ಅಪ್ಪ ತೀರಿಕೊಂಡ ಮೇಲೆ ತೋಟಕ್ಕೆ ಯಾವ ಬದಿಯಿಂದ ಪೈಪು ಎಳೆಯಬೇಕು ಎಂಬ ಮಾತಿಗೆ ನನಗೂ ಅವನಿಗೂ ಜಗಳ ಬಿತ್ತು. ಪೈಪಿನಿಂದ ಶುರುವಾದದ್ದು ಪಾಲಿಗೆ ಬಂದು ನಿಂತಿತು. ದಬ್ಬೇಘಟ್ಟದಿಂದ ನಮ್ಮ ಸೋದರಮಾವ ಪಂಚಾಯ್ತಿಗೆ ಬಂದರು. ಬಂದವರಿಗೆ ಬಾಯಿ ತೆರೆಯಲು ಅಣ್ಣ ಬಿಟ್ಟರೆ ತಾನೆ? ನೂಲು ಹಿಡಿದು ನಡುಮನೆಯ ನಟ್ಟನಡುವೆ ಗೆರೆ ಎಳೆಸಿದ, ಗೋಡೆ ಎಬ್ಬಿಸಿದ. ಪಾತ್ರೆ ಪಗಡ ಒಂದೊಂದೇ ಹಂಚಿದ. ಕಡೆಗೆ ರುಬ್ಬುವ ಕಲ್ಲು ಉಳಿಯಿತು. ಒರಳು ನನಗೆ, ಗುಂಡು ಅವನಿಗೆ! ಇಂದಿಗೂ ಆ ಗುಂಡು ಅವನ ಬಾಗಿಲು ಗಾಳಿಗೆ ಮುಚ್ಚದಂತೆ ಅಡ್ಡ ಕೂತಿದೆ, ಒರಳಿನಲ್ಲಿ ನಮ್ಮ ಕೋಳಿಗಳು ನೀರು ಕುಡಿಯುತ್ತವೆ.

ಅಟ್ಟ ಒಂದೇ ಪಾಲಾಗದೆ ಉಳಿದದ್ದು. ಆಗಷ್ಟೇ ಅದಕ್ಕೆ ಕಾಯಿ ತುಂಬಿದ್ದೆವು. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯನ್ನು ಕೊಬ್ಬರಿ ಆಗುವವರೆಗೆ, ಅಂದರೆ ಹತ್ತಿರ ಹತ್ತಿರ ಒಂದು ವರ್ಷ, ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಹಾಗಾಗಿ ಗೋಡೆ ಅಟ್ಟದ ಹಲಗೆಗೆ ತಾಗಿ ನಿಂತಿತು. ಅಣ್ಣ ತಮ್ಮ ಬೇರೆಯಾದರೂ ತಲೆಯ ಮೇಲಿನ ಕಾಯಿ ಒಟ್ಟಿಗೇ ಇದ್ದವು.

ಎಲ್ಲ ಮುಗಿಯಿತು ಎನ್ನುವಾಗ ಮಾವನ ಕಣ್ಣಿಗೆ ಮೂಲೆಯಲ್ಲಿದ್ದ ಇಂಟರ್ನೆಟ್ ಡಬ್ಬಿಗಳು ಬಿದ್ದವು. ಬೀದಿ ಕಂಬದ ತಂತಿ ಬಂದು ಸೇರುವ ಕರಿ ಡಬ್ಬಿ ಮೋಡೆಮ್. ಅದರಿಂದ ಒಂದು ಗಿಡ್ಡ ತಂತಿ ಹೋಗುವ, ಎರಡು ಕೊಂಬಿನ ಬಿಳಿ ಡಬ್ಬಿ ರೂಟರ್.

"ಮಿಣಮಿಣ ಅನ್ನೋವು ಎರಡವೆ. ಒಂದೊಂದು ತಗಳ್ರಪ್ಪ," ಎಂದರು ಮಾವ.

ನಾನು ಚಿಕ್ಕನಾಯಕನಹಳ್ಳಿಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರು. ಸುಮ್ಮನಿರಲಾಗಲಿಲ್ಲ.

"ಮಾವ, ಅವೆರಡೂ ಸೇರಿ ಒಂದು ಕಣ್ರೀ. ಮೋಡೆಮ್ ಅಂದ್ರೆ ಬೋರ್‌ವೆಲ್ ಮೋಟ್ರು ಇದ್ದಂಗೆ, ಹೊರಗಿಂದ ಒಳಕ್ಕೆ ತರೋದು. ರೂಟರ್ ಅಂದ್ರೆ ಪೈಪು ಇದ್ದಂಗೆ, ತಂದದ್ದನ್ನ ಎಲ್ರಿಗೂ ಹಂಚೋದು. ಒಂದು ಬಿಟ್ರೆ ಇನ್ನೊಂದು ದಂಡ."

ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಓದಿರೋ ಬುದ್ಧಿ ನೋಡು ಮಾವ! ಎರಡೂ ಹೊಡ್ಕಂಡು ಹೋಗಕ್ಕೆ ಕಥೆ ಕಟ್ತಾವ್ನೆ. ಅವನೇ ಹೇಳಿದ್ನಲ್ಲ, ಮೋಟ್ರು ನಂಗಿರ್ಲಿ. ಪೈಪು ಅವನೇ ಮಡಿಕ್ಕಳ್ಳಿ ಬುಡು."

ಪೈಪಿನ ಜಗಳದಿಂದ ಒಡೆದ ಮನೆಯಲ್ಲಿ ಪೈಪಿನ ಹೋಲಿಕೆ ಕೊಟ್ಟ ನನ್ನ ಜಾಣತನಕ್ಕೆ ಏನು ಹೇಳಲಿ! ತಂತಿ ಅವನ ಭಾಗದಲ್ಲಿತ್ತು, ಮೋಡೆಮ್ ಅಲ್ಲೇ ಉಳಿಯಿತು. ನಾನು ರೂಟರನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆಯ ಈಚೆಗೆ ಬಂದೆ. ಎರಡೂ ಕಡೆ ದೀಪ ಉರಿಯಿತು. ಎರಡೂ ಕಡೆ ಏನೂ ಬರಲಿಲ್ಲ. ಅಣ್ಣ ಮಾತ್ರ ದೀಪ ತೋರಿಸಿ ಬಂದವರಿಗೆಲ್ಲ "ನಮ್ದು ಉರೀತಾ ಐತೆ" ಎನ್ನುತ್ತಿದ್ದ. ಹೊಸ ಕನೆಕ್ಷನ್ ತೆಗೆದುಕೊಳ್ಳೋಣವೆಂದರೆ ಕಂಬದ ತಂತಿ ಅವನ ಹೆಂಚಿನ ಮೇಲೆ ಹಾದು ಬರಬೇಕು. ಅವನ ಪಾಲಿನ ಆಕಾಶ ಅದು, ಬಿಟ್ಟಾನೆಯೇ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಡಬ್ಬಿಗಳು ಮನೆಗೆ ಬಂದದ್ದೇ ಅವ್ವನಿಗಾಗಿ. ಲಕ್ವ ಹೊಡೆದು ಅವ್ವನಿಗೆ ಬಲಗೈ ಜೊತೆಗೆ ಮಾತೂ ಹೋಗಿತ್ತು. ತುಮಕೂರಿನ ಮೇಡಂ ಒಬ್ಬರು ಲ್ಯಾಪ್‌ಟಾಪಿನಲ್ಲಿ ದಿನಾ ಬಂದು ಬಾಯಿ ಅಗಲಿಸಿ, ತುಟಿ ಸೇರಿಸಿ ತೋರಿಸುತ್ತಿದ್ದರು. ಅವ್ವ ನೋಡಿ ನೋಡಿ ಹಾಗೇ ಮಾಡುತ್ತಿದ್ದಳು. ತಿಂಗಳುಗಟ್ಟಲೆ ಒದ್ದಾಡಿ ಮೊದಲು ಗಳಿಸಿದ ಮಾತು "ನೀರು". ಅವತ್ತು ಅಣ್ಣನೇ ಊರಿಗೆಲ್ಲ ಬೆಲ್ಲ ಹಂಚಿದ್ದ.

ಮೋಡೆಮ್ಮಿನ ತಂತಿಯನ್ನು ನೇರವಾಗಿ ಚುಚ್ಚೋಣವೆಂದರೆ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ತೂತಿಲ್ಲ, ಪಾಲಾದ ಮೇಲೆ ಪಾಠ ನಿಂತಿತು. "ನಿಲ್ಲಿಸಬೇಡಿ, ಕಲಿತದ್ದೂ ಹೋಗಿಬಿಡುತ್ತೆ," ಎಂದು ನಾನು ಸ್ಕೂಲಿನಲ್ಲಿದ್ದಾಗ ಮೇಡಂ ಫೋನಿನಲ್ಲಿ ಹೇಳಿದರು. ಹೋಗಿಯೇಬಿಟ್ಟಿತು. ಅವ್ವ ಮತ್ತೆ ಕೊಡದ ಕಡೆಗೆ ಎಡಗೈ ತೋರಿಸತೊಡಗಿದಳು.

ಅವ್ವನನ್ನೂ ಅಣ್ಣ ಪಾಲು ಮಾಡಿದ್ದ, ಹೇಳಲು ಮರೆತೆ. ಶುಕ್ಲಪಕ್ಷ ಅವನ ಮನೆಯಲ್ಲಿ, ಕೃಷ್ಣಪಕ್ಷ ನನ್ನ ಮನೆಯಲ್ಲಿ. ತಿಥಿ ಒಂದು ಲೋಪವಾದರೆ ಪಂಚಾಂಗ ಹಿಡಿದು ಬಾಗಿಲಿಗೆ ಬರುತ್ತಿದ್ದ. "ನಂಗೆ ಒಂದಿನ ಕಮ್ಮಿ ಬಿದ್ದೈತೆ ಕಣ್ಲಾ. ಇವತ್ತೂ ಅವ್ವ ನಮ್ಮನೇಲೇ ಇರ್ತಾಳೆ." ಹೆತ್ತ ತಾಯಿಯನ್ನೂ ನೀರು ತುಂಬಿ ಅಳೆಯುತ್ತಾನಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಊರಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕೆರೆ ಏರಿಯ ಮೇಲೆ ಮಾತ್ರ. ನನ್ನ ಹೆಂಡತಿ ಅವ್ವನನ್ನು ಆಟೋದಲ್ಲಿ ಅಲ್ಲಿಗೆ ಕರೆದುಕೊಂಡು ಹೋದಳು. ಮೇಡಂ "ಆ" ಎಂದರೆ ಕುರಿಗಳು "ಬ್ಯಾ" ಎಂದವು. ಕುರಿ ಮೇಯಿಸುವವರು, ಬಟ್ಟೆ ಒಗೆಯುವವರು ಎಲ್ಲ ಸುತ್ತ ನಿಂತು "ಹೇಳಜ್ಜಿ, ಹೇಳು!" ಎಂದು ಹುರಿದುಂಬಿಸಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಮತ್ತೆ ತೆಗೆಯಲಿಲ್ಲ.

ಅಲ್ಲಿಂದ ವಾಪಸು ಬಂದವಳೇ ನನ್ನ ಹೆಂಡತಿ ಅಣ್ಣನ ಬಾಗಿಲಿಗೆ ಹೋಗಿ ನಿಂತಳು.

"ಭಾವ, ಅತ್ತೆಮ್ಮ ನೀರು ಅನ್ನಾದೂ ಮರ್ತವ್ರೆ. ಎರಡೂ ಡಬ್ಬಿ ಒಟ್ಟಿಗೆ ಸೇರಿಸ್ತೀರೋ ಇಲ್ವೋ?"

ಅಣ್ಣ ಒಪ್ಪಿದ, ಆದರೆ ಯಾರಿಗೂ ಹೆಚ್ಚು ಕಮ್ಮಿ ಆಗಕೂಡದು! ಮತ್ತೆ ನೂಲು ತಂದ. ಮೋಡೆಮ್ಮಿನಿಂದ ತಂತಿ ಎಳೆದು, ರೂಟರನ್ನು ಗೋಡೆಯ ನೇರಕ್ಕೆ, ಅಟ್ಟದ ಮೇಲೆ, ಕಾಯಿಗಳ ನಡುವೆ ಕೂರಿಸಿದ. "ಒಂದ್ ಕೊಂಬು ನಿನ್ ಕಡೀಕೆ, ಒಂದ್ ಕೊಂಬು ನನ್ ಕಡೀಕೆ. ಇನ್ನೇನ್ ಬೇಕು?"

ಹಸಿಗಾಯಿ ಎಂದರೆ ನೀರಿನ ಕೊಡ. ಅಟ್ಟದ ತುಂಬ ನೀರು ಇಟ್ಟು ಅದರ ನಡುವೆ ರೂಟರ್ ಹೂತರೆ ಸಿಗ್ನಲ್ ಎಲ್ಲಿಂದ ಬರಬೇಕು? ಅವನ ಬಾಗಿಲ ಹೊರಗೆ ನಿಂತೇ ಹೇಳಿದೆ. "ಕಾಯಿಗೂ ಇಂಟರ್ನೆಟ್ಟಿಗೂ ಏನ್ಲಾ ದ್ವೇಷ? ಅವೂ ಅಣ್ಣತಮ್ಮಂದಿರಾ?" ಎಂದ. ಆಮೇಲೆ ಸ್ವಲ್ಪ ಯೋಚಿಸಿ, "ಹಂಗಿದ್ರೆ ಕಾಯಿ ಒಣಗ್ಲಿ, ತಾನಾಗೇ ಬತ್ತದೆ," ಎಂದು ಏಣಿ ಇಳಿದುಬಿಟ್ಟ. ಕೊಬ್ಬರಿ ಕಾಯುತ್ತದೆ ಸರಿ, ಅವ್ವನ ನಾಲಿಗೆ ಕಾಯುತ್ತದೆಯೇ?

ಬರುತ್ತಿದ್ದ ಅಷ್ಟಿಷ್ಟು ಸಿಗ್ನಲ್ಲಿನಲ್ಲೇ ಪಾಠ ಶುರು ಮಾಡಿದೆವು. ಮೇಡಂ ಕಾಣಿಸುವರು, ಮಾಯವಾಗುವರು. ಒಂದು ಸಂಜೆ ಅವರು ಬಾಯಿ ಅಗಲಿಸಿದ್ದಾಗಲೇ ಚಿತ್ರ ನಿಂತುಹೋಯಿತು. ಅವ್ವನಿಗೆ ಅದೆಲ್ಲ ಏನು ಗೊತ್ತು? ಮೇಡಂ ಬಾಯಿ ಮುಚ್ಚಿಲ್ಲ, ತಾನೂ ಮುಚ್ಚಬಾರದು. ಬಾಯಿ ತೆರೆದುಕೊಂಡು ಕೂತೇ ಇದ್ದಳು. ಒಂದು ಕಡೆ ಜೊಲ್ಲು ಸುರಿಯುತ್ತಿತ್ತು, ಗದ್ದ ನಡುಗುತ್ತಿತ್ತು. ನಾನು ಸಿಗ್ನಲ್ಲಿಗಾಗಿ ಲ್ಯಾಪ್‌ಟಾಪನ್ನು ಅತ್ತಿತ್ತ ತಿರುಗಿಸುತ್ತಿದ್ದೆ. ತಲೆ ಎತ್ತಿ ನೋಡಿದರೆ ಅಣ್ಣ ಪಂಚಾಂಗ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ! ಅವ್ವನನ್ನೇ ನೋಡಿದ. ಒಳಗೆ ಬಂದು ಟವಲಿನಿಂದ ಅವಳ ಬಾಯಿ ಒರೆಸಿ, ಗದ್ದ ಹಿಡಿದು ಮೆಲ್ಲಗೆ ಮುಚ್ಚಿದ. ಬಂದ ವಿಷಯ ಹೇಳದೆ ಹೊರಟುಹೋದ.

ಬೆಳಿಗ್ಗೆ ನೆತ್ತಿಯ ಮೇಲೆ ದಡದಡ ಸದ್ದು. ಅಂಗಳಕ್ಕೆ ಓಡಿ ಬಂದರೆ ಅಣ್ಣ ಅಟ್ಟದ ಕಿಟಕಿಯಿಂದ ಕಾಯಿ ಉರುಳಿಸುತ್ತಿದ್ದಾನೆ. ಅರ್ಧಕ್ಕೆ ಇಳಿಸಿದ ಕಾಯಿ ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ತಿಪಟೂರು ಮಂಡಿಯಲ್ಲಿ ಅದನ್ನು ಯಾರೂ ಮೂಸಿ ನೋಡುವುದಿಲ್ಲ. ದಾರಿಯಲ್ಲಿ ಹೋಗುವವರು ನಿಂತು "ಏನ್ ತಲೆಗಿಲೆ ಕೆಟ್ಟೈತಾ ನಿಮ್ಮಣ್ಣಂಗೆ?" ಎಂದು ನನ್ನನ್ನು ಕೇಳಿದರು. ಏಣಿ ಇದ್ದದ್ದು ಅವನ ಭಾಗದಲ್ಲಿ. ಪಾಲಾದ ಮೇಲೆ ಮೊದಲ ಸಲ ಅವನ ಹೊಸ್ತಿಲು ದಾಟಿ, ಆ ಗುಂಡುಕಲ್ಲು ಎಡವಿ, ಮೇಲೆ ಹತ್ತಿದೆ.

"ಅಣ್ಣ, ಒಂದೊರ್ಷದ ಬೆಳೆ ಕಣೋ."

"ಸುಮ್ಕೆ ಹಿಡ್ಕಳ್ಲಾ," ಎಂದು ಕಾಯಿ ಕೈಗೆ ಕೊಟ್ಟ. ಇಬ್ಬರೂ ಸೇರಿ ಅಟ್ಟ ಖಾಲಿ ಮಾಡಿದೆವು. ಕೆಳಗಿಳಿದ ಮೇಲೆ ನಾನು ಅಭ್ಯಾಸಬಲದಿಂದ ಕಾಯಿಗಳನ್ನು ಎರಡು ಗುಡ್ಡೆ ಮಾಡತೊಡಗಿದೆ.

"ಬುಡ್ಲಾ. ಒಂದೇ ಇರ್ಲಿ," ಎಂದ ಅಣ್ಣ.

ನಾನು ಎರಡು ಗುಡ್ಡೆಯನ್ನೂ ಮತ್ತೆ ಒಂದು ಮಾಡಿದೆ. ಇವನ ಮೇಲೆ ಇಷ್ಟು ದಿನ ಸಿಟ್ಟು ಮಾಡಿದ್ದು ಗೋಡೆಗಾಗಿ ಅಲ್ಲ, ಡಬ್ಬಿಗಾಗಿಯೂ ಅಲ್ಲ. ನನ್ನನ್ನೂ ಕೆತ್ತಿ ಆಚೆ ಹಾಕಿಬಿಟ್ಟನಲ್ಲ ಎಂದು.

ಆಮೇಲಿನ ದಿನಗಳಲ್ಲಿ ಮೇಡಂ ಎರಡೂ ಮನೆಯಲ್ಲಿ ನಿಚ್ಚಳವಾಗಿ ಕಾಣಿಸಿದರು. ಅವ್ವ ಯಾರ ಮನೆಯಲ್ಲಿದ್ದರೂ ಪಾಠ ತಪ್ಪಲಿಲ್ಲ. ಮಾತು ಮಾತ್ರ ಬರಲಿಲ್ಲ. ನಾನು ಆಸೆ ಬಿಡುವ ಹೊತ್ತಿಗೆ, ಒಂದು ಮಧ್ಯಾಹ್ನ ಅಣ್ಣ ಅಂಗಳದಲ್ಲಿ ಆ ಕೆಟ್ಟ ರಾಶಿ ತಿರುವುತ್ತಿದ್ದಾಗ, ಅವ್ವ ಗೋಡೆ ಹಿಡಿದು ಬಂದು ಜಗುಲಿಯ ಮೇಲೆ ಕೂತಳು. ಒಂದು ಕಾಯನ್ನು ಎಡಗೈಯಲ್ಲಿ ಎತ್ತಿ, ಒಣಗಿದೆಯೋ ಎಂದು ಯಾವಾಗಲೂ ನೋಡುವಂತೆ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಗುಳುಗುಳು ಎಂದಿತು. ಅವ್ವನ ಹುಬ್ಬು ಗಂಟಾಯಿತು. ತುಟಿ ಒದ್ದಾಡಿತು. ಹಸಿ ಕಾಯಿ ಇಳಿಸಿದ ದೊಡ್ಡಮಗನನ್ನು ಕೆಕ್ಕರಿಸಿ ನೋಡಿ, "ನೀ... ನೀರು!" ಎಂದು ಗದರಿದಳು.

ಅಣ್ಣ ರಾಶಿಯ ನಡುವೆ ಕುಕ್ಕರಿಸಿದ. "ಹೂಂ ಕಣವ್ವ, ನೀರೈತೆ. ಬಯ್ಯಿ, ಇನ್ನೊಂದ್ಸಲ ಬಯ್ಯಿ," ಎಂದು ಮುಖಕ್ಕೆ ಟವಲು ಒತ್ತಿಕೊಂಡ. ಅವತ್ತು ಕೃಷ್ಣಪಕ್ಷ ಮುಗಿದು ಅವ್ವ ಅವನ ಮನೆಗೆ ಹೋಗುವ ದಿನ. ಯಾರಿಗೂ ನೆನಪಾಗಲಿಲ್ಲ.